ಕೂಸಿನ ಬಟ್ಟೆ ಸಣ್ಣದಾದಾಗ: ಬಳ್ಳಾರಿಯಿಂದ ಇಂಗ್ಲೆಂಡಿಗೆ ಹೊರಟವರಿಗೆ

ಆಗಸ್ಟ್ ರಜೆಗೆ ಬಳ್ಳಾರಿಗೆ ಬಂದಿದ್ದೇನೆ. ಪಕ್ಕದ ಮನೆಯ ಹುಡುಗಿ ಮುಂದಿನ ತಿಂಗಳು ಗಂಡನ ಹತ್ತಿರ ಇಂಗ್ಲೆಂಡಿಗೆ ಹೊರಟಿದ್ದಾಳೆ. ಕೂಸಿಗೆ ಐದು ತಿಂಗಳು. ನಿನ್ನೆ ಸಂಜೆ ಹೋದರೆ ಮಂಚದ ಮೇಲೆ ಸೂಟ್‌ಕೇಸ್ ಬಾಯಿ ತೆರೆದುಕೊಂಡು ಕೂತಿದೆ. ಅವರಮ್ಮ ಫ್ರಾಕ್ ಮಡಚಿ ಮಡಚಿ ಒತ್ತುತ್ತಿದ್ದಾರೆ. ಎಣಿಸಿದೆ, 17. "ಅಲ್ಲಿ ಬಟ್ಟೆ ರೇಟ್ ಜಾಸ್ತಿ ಅಂತಲ್ಲಮ್ಮಾ, ಒಂದು ವರ್ಷಕ್ಕಾಗೋಷ್ಟು ಇಟ್ಟುಬಿಡ್ತೀನಿ" ಅಂದರು.

ಹನ್ನೆರಡು ವರ್ಷದ ಹಿಂದೆ ನಾನೂ ಹೀಗೇ ತುಂಬಿಕೊಂಡು ಹೋಗಿದ್ದೆ. ಅರ್ಧಕ್ಕರ್ಧ ಬಟ್ಟೆಯ ಟ್ಯಾಗ್ ಕೂಡ ಕೀಳಲಿಲ್ಲ. ಬಳ್ಳಾರಿ ಬಿಸಿಲಿಗೆ ಹೊಲಿದ ತೋಳಿಲ್ಲದ ಫ್ರಾಕನ್ನು ಅಲ್ಲಿ ನವೆಂಬರ್‌ನಲ್ಲಿ ಎಲ್ಲಿ ಹಾಕುತ್ತೀರಿ? ಚಳಿಗಾಲ ಪೂರ್ತಿ ಕೂಸು ಪಾದ ಮುಚ್ಚಿದ ಸ್ಲೀಪ್‌ಸೂಟ್‌ನಲ್ಲೇ ಇರುತ್ತದೆ. ಅದರ ಮೇಲೆ ಕಾರ್ಡಿಗನ್, ಹೊರಗೆ ಹೊರಟರೆ ಮೈಯೆಲ್ಲ ಮುಚ್ಚುವ ದಪ್ಪನೆಯ ಸ್ನೋಸೂಟ್. ಇನ್ನೊಂದು ವಿಷಯ, ಮಕ್ಕಳ ಬಟ್ಟೆ ಅಲ್ಲಿ ಅಷ್ಟೇನೂ ದುಬಾರಿಯಲ್ಲ. ದೊಡ್ಡವರ ಬಟ್ಟೆಗೆ 20% ವ್ಯಾಟ್ ಇದೆ, ಚಿಕ್ಕ ಮಕ್ಕಳ ಬಟ್ಟೆಗೆ ಸೊನ್ನೆ. ಹಾಲು ತರಕಾರಿ ತರಲು ಹೋದ ಟೆಸ್ಕೊ, ಆಸ್ಡಾದ ದೊಡ್ಡ ಅಂಗಡಿಗಳಲ್ಲೇ ಬಟ್ಟೆಯ ಸಾಲೂ ಇರುತ್ತದೆ. ಕೂಸಿಗೆ ಸಣ್ಣದಾದ ಬಟ್ಟೆಯನ್ನು ಅಲ್ಲಿ ಮಾರುತ್ತಾರೆ. ಆದರೆ ಹೊಸದೇ ಅಷ್ಟು ಸೋವಿ ಸಿಗುವಾಗ ಹಾಕಿ ಬಿಟ್ಟದ್ದಕ್ಕೆ ಎಷ್ಟು ಬಂದೀತು? ಮಾರಲು ಕೂರುವ ಮೊದಲು ಈ ಲೆಕ್ಕ ತಲೆಯಲ್ಲಿರಲಿ.

ಆ ಬಟ್ಟೆ ಮಾರುವುದು ಹೇಗೆ ಅಂತ ಹುಡುಗಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ರಾಯಚೂರು, ಕೊಪ್ಪಳದ ಕಡೆಯಿಂದ ಹೊರಡುವವರಿಗೂ ಆದೀತು.

ಮೊದಲು ನಾಚಿಕೆ ವಿಷಯ

"ಹಾಕಿದ ಬಟ್ಟೆ ಮಾರೋದಾ?" ಅಂತ ಮೂಗು ಮುರಿದವರಲ್ಲಿ ನಾನೂ ಒಬ್ಬಳು. ಆಮೇಲೆ ನಮ್ಮ ಬೀದಿಗೆ ಬುಟ್ಟಿ ಹೊತ್ತು ಬರುತ್ತಿದ್ದ ಸ್ಟೀಲ್ ಪಾತ್ರೆಯವಳು ನೆನಪಾದಳು. ಅಮ್ಮ ಮೂರು ಹಳೆ ಸೀರೆ, ಅಪ್ಪನ ಎರಡು ಪ್ಯಾಂಟು ಮುಂದಿಟ್ಟು ಒಂದು ಡಬರಿ ಕೇಳುತ್ತಿದ್ದಳು. ಅವಳು ಸೀರೆಯನ್ನು ಬೆಳಕಿಗೆ ಹಿಡಿದು, ಎಲ್ಲಿ ಪಿಸಿದಿದೆಯೋ ಅಲ್ಲಿ ಬೆರಳಿಟ್ಟು ತೋರಿಸಿ, "ಇಷ್ಟಕ್ಕ ಡಬರಿ ಬರಂಗಿಲ್ಲವ್ವಾ, ಇನ್ನೊಂದು ಸೀರಿ ಹಾಕು" ಅನ್ನುತ್ತಿದ್ದಳು. ಇದೂ ಅದೇ ವ್ಯವಹಾರ, ಬುಟ್ಟಿ ಬದಲು ಫೋನ್ ಬಂದಿದೆ ಅಷ್ಟೆ. ಇನ್ನು ಹಾಕಿದ ಬಟ್ಟೆ ಅಂತ ಅಸಹ್ಯ ಪಡುವವರಿಗೆ: ಹುಟ್ಟಿದ ಕೂಸಿಗೆ ನಾವು ಮೊದಲು ಸುತ್ತುವುದು ಹಳೆ ಪಂಚೆಯನ್ನೇ ಅಲ್ವಾ? ಅಲ್ಲಿ ಡಾಕ್ಟರು, ಟೀಚರು ಎಲ್ಲರೂ ಕೊಳ್ಳುತ್ತಾರೆ, ಮಾರುತ್ತಾರೆ. ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಬೆಲೆ ಕಟ್ಟುವುದು

ಅಪ್ಪ ಕೌಲ್ ಬಜಾರ್‌ನಲ್ಲಿ ಜೀನ್ಸ್ ಹೊಲಿಯುತ್ತಿದ್ದರು. ಯಾರ ಪ್ಯಾಂಟ್ ಕೈಗೆ ಬಂದರೂ ಮೊದಲು ಒಳಮೈ ಹೊರಗೆ ಮಾಡಿ ಹೊಲಿಗೆ ನೋಡುವರು. ನನಗೂ ಅದೇ ಚಾಳಿ. ಮಕ್ಕಳ ಬಟ್ಟೆಯಲ್ಲಿ ನೋಡಬೇಕಾದ್ದು ಮೊಣಕಾಲು, ತೋಳಿನ ತುದಿ, ಕತ್ತಿನ ಪಟ್ಟಿ, ಟಿಚ್ ಬಟನ್, ಜಿಪ್. ತೆವಳುವ ಕೂಸಿನ ಪ್ಯಾಂಟ್ ಮೊಣಕಾಲಿನಲ್ಲಿ ಗಂಟುಗಂಟಾಗಿ ಜುಂಜು ಎದ್ದಿರುತ್ತದೆ. ಟಿಚ್ ಬಟನ್ ಒಂದೇ ಒಂದು ಹೋಗಿದ್ದರೂ ಆ ಸ್ಲೀಪ್‌ಸೂಟ್ ಮಾರಬೇಡಿ. ರಾತ್ರಿ ಮೂರು ಗಂಟೆಗೆ ಡೈಪರ್ ಬದಲಿಸುವ ತಾಯಿ ನಿಮಗೆ ಶಾಪ ಹಾಕುತ್ತಾಳೆ.

ಇಷ್ಟು ನೋಡಿ ಆದ ಮೇಲೆ ನಾನು ಎರಡು ಗುಡ್ಡೆ ಮಾಡುತ್ತೇನೆ. ಸೂಪರ್ ಮಾರ್ಕೆಟ್ ಬಟ್ಟೆ, ಪ್ರೈಮಾರ್ಕ್ ಅನ್ನುವ ಸೋವಿ ಅಂಗಡಿಯ ಬಟ್ಟೆ ಒಂದು ಕಡೆ. ಇವನ್ನು ಬಿಡಿಯಾಗಿ ಮಾರುವುದು ಸುಮ್ನೆ ದಂಡ. 50 ಪೆನ್ಸ್‌ನ, ಅಂದರೆ ಅರ್ಧ ಪೌಂಡ್‌ನ ಒಂದು ವೆಸ್ಟ್‌ಗೆ (ಕೂಸಿನ ಒಳಂಗಿ) ಫೋಟೊ ತೆಗೆದು, ಬರೆದು, ಕಟ್ಟಿ, ಪಾರ್ಸಲ್ ಅಂಗಡಿಗೆ ನಡೆಯುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತದೆ. ಇವನ್ನು ಒಂದೇ ಅಳತೆಯವು ಒಟ್ಟಿಗೆ ಗಂಟು ಕಟ್ಟಿ. ಅಲ್ಲಿ ಇದಕ್ಕೆ 'ಬಂಡಲ್' ಅಂತಲೇ ಹೆಸರು. 0-3 ತಿಂಗಳ ಐದು ಸ್ಲೀಪ್‌ಸೂಟ್, ಐದು ವೆಸ್ಟ್, ಎರಡು ಟೋಪಿ ಸೇರಿಸಿ ನಾನು 6 ಪೌಂಡ್ ಇಡುತ್ತಿದ್ದೆ, 5ಕ್ಕೆ ಕೊಡುತ್ತಿದ್ದೆ. ಕೊಳ್ಳುವವಳಿಗೆ ಒಂದೇ ಏಟಿಗೆ ಒಂದು ತಿಂಗಳ ಬಟ್ಟೆ. ನಿಮಗೆ ಒಂದು ಡಬ್ಬಿ ಖಾಲಿ.

ಇನ್ನೊಂದು ಗುಡ್ಡೆ ಹೆಸರಿರುವ ಬಟ್ಟೆಯದು. ಬೋಡೆನ್, ಫ್ರೂಗಿ, ಜೋಜೊ ಮಮಾನ್ ಬೇಬೆ ಇಂಥವನ್ನು ಜನ ಹೆಸರು ಹಾಕಿಯೇ ಹುಡುಕುತ್ತಾರೆ. ಇವನ್ನು ಬಿಡಿಯಾಗಿ ಮಾರಿ. ಹೊಸದರ ಬೆಲೆಯ ಮೂರರಲ್ಲೊಂದು ಭಾಗ ಬಂದರೆ ಚೆನ್ನಾಗಿ ಬಂತು ಅಂದುಕೊಳ್ಳಿ. ನೆಕ್ಸ್ಟ್, ಎಂ ಅಂಡ್ ಎಸ್ ಅಂಗಡಿಗಳ ಬಟ್ಟೆ ಈ ಎರಡು ಗುಡ್ಡೆಗಳ ನಡುವೆ ಬರುತ್ತವೆ. ಅವನ್ನು ಮೂರು ನಾಲ್ಕು ಸೇರಿಸಿ ಮಾರುತ್ತೇನೆ. ಸ್ನೋಸೂಟ್, ಮಳೆಕೋಟು, ಮಲಗಿಸುವ ಚೀಲ ಇವಕ್ಕೆ ಬ್ರ್ಯಾಂಡ್ ಏನೇ ಇರಲಿ ಬೇಡಿಕೆ ಇದೆ. ಕೂಸು ಒಂದು ಚಳಿಗಾಲ ಮಾತ್ರ ಹಾಕುತ್ತೆ, ಹೊಸದಕ್ಕೆ ಯಾರು ಅಷ್ಟು ಕೊಡುತ್ತಾರೆ?

ನೀವು ಎಷ್ಟು ಕೊಟ್ಟಿರಿ ಅನ್ನುವುದನ್ನು ಮಾತ್ರ ಮರೆತುಬಿಡಿ. ಮಗಳ ಮೊದಲ ಹುಟ್ಟುಹಬ್ಬಕ್ಕೆ 38 ಪೌಂಡ್ ಕೊಟ್ಟು ತಂದ ಡ್ರೆಸ್ಸನ್ನು 25ಕ್ಕೆ ಹಾಕಿ ಐದು ತಿಂಗಳು ಕಾದೆ. ಕೊನೆಗೆ 8ಕ್ಕೆ ಹೋಯಿತು. ಬೆಲೆ ಗೊತ್ತಾಗಬೇಕಾದರೆ ಅದೇ ಬಟ್ಟೆ, ಅದೇ ಅಳತೆ ಹುಡುಕಿ ಮಾರಾಟ ಆಗಿ ಹೋದವನ್ನು ನೋಡಿ. ಇನ್ನೂ ಮಾರಾಟಕ್ಕಿರುವವು ಬರೀ ಆಸೆಯ ಬೆಲೆ.

ಎಣ್ಣೆ ಕಲೆ, ಒಗ್ಗರಣೆ ವಾಸನೆ

ಇದನ್ನು ಅಲ್ಲಿನವರು ಯಾರೂ ನಿಮಗೆ ಹೇಳಲ್ಲ, ನಾನೇ ಹೇಳಬೇಕು. ಒಂದು ಸಲ ಕೊಂಡವಳು ಬರೆದಳು: ಬಟ್ಟೆ ಚೆನ್ನಾಗಿದೆ, ಆದರೆ ಅಡುಗೆ ವಾಸನೆ ಬರುತ್ತಿದೆ. ಓದಿ ಮುಖ ಬಿಸಿಯಾಯಿತು. ಚಳಿಗಾಲ, ಕಿಟಕಿ ಮುಚ್ಚಿದೆ, ಬಟ್ಟೆ ಒಣಗಿಸುವ ಸ್ಟ್ಯಾಂಡ್ ಅಡುಗೆಮನೆ ಬಾಗಿಲ ಹತ್ತಿರವೇ ಇತ್ತು. ಸಾಸಿವೆ ಇಂಗು ಸಿಡಿದದ್ದೆಲ್ಲ ಕಾರ್ಡಿಗನ್ ಉಣ್ಣೆಯೊಳಗೆ ಕೂತಿದೆ. ನಮ್ಮ ಮೂಗಿಗೆ ಅದು ಗೊತ್ತೇ ಆಗುವುದಿಲ್ಲ. ಆಗಿನಿಂದ ಮಾರುವ ಬಟ್ಟೆಯನ್ನು ಬಿಸಿಲಿರುವ ದಿನ ಹೊರಗೇ ಒಣಗಿಸಿ, ತಕ್ಷಣ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮಲಗುವ ಕೋಣೆಯಲ್ಲಿ ಇಡುತ್ತೇನೆ. ಘಮಘಮ ಸಾಬೂನು ಹಾಕಿ ವಾಸನೆ ಮುಚ್ಚಲು ಹೋಗಬೇಡಿ. ಕೂಸಿನ ಬಟ್ಟೆಗೆ ಅಲ್ಲಿ ತುಂಬಾ ಜನ 'ನಾನ್ ಬಯೋ' ಅನ್ನುವ ಸೌಮ್ಯವಾದ ಸಾಬೂನನ್ನೇ ಬಳಸುತ್ತಾರೆ.

ಇನ್ನು ಎಣ್ಣೆ. ಅಮ್ಮ ಬಾಣಂತನಕ್ಕೆ ಬಂದು ದಿನಾ ಕೂಸಿಗೆ ಕೊಬ್ಬರಿ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದರು. ವೆಸ್ಟ್‌ನ ಕತ್ತಿನ ಸುತ್ತ ಹಳದಿ ಗೆರೆ. ಒಗೆಯುವ ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಚ್ಚಿ ಅರ್ಧ ಗಂಟೆ ಬಿಟ್ಟರೆ ಬಹಳಷ್ಟು ಹೋಗುತ್ತದೆ. ಹಾಲಿನ ಕಲೆ ಇನ್ನೂ ಮೋಸದ್ದು. ಮಡಚಿಡುವಾಗ ಬೆಳ್ಳಗೆ ಕಾಣುತ್ತದೆ, ಆರು ತಿಂಗಳು ಬಿಟ್ಟು ತೆಗೆದರೆ ಎದೆಯ ಮೇಲೆ ಹಳದಿ ಮಚ್ಚೆ. ಅದಕ್ಕೇ ಎರಡನೇ ಕೂಸಿಗೆ ಬೇಕಾದೀತು ಅಂತ ಎಲ್ಲವನ್ನೂ ಅಟ್ಟಕ್ಕೇರಿಸಬೇಡಿ. ಕಾಡಿಗೆ ಕಲೆ ಹೋಗದಿದ್ದರೆ ಅದರ ಫೋಟೊ ಬೇರೆಯಾಗಿ ತೆಗೆದು ಹಾಕಿ. ಮುಚ್ಚಿಟ್ಟರೆ ಬಟ್ಟೆ ವಾಪಸ್ ಬರುತ್ತದೆ.

ಫೋಟೊ ಬೆಳಿಗ್ಗೆ ಕಿಟಕಿ ಹತ್ತಿರ ತೆಗೆಯಿರಿ. ರಾತ್ರಿ ದೀಪದಲ್ಲಿ ತೆಗೆದರೆ ಬಿಳಿ ಬಟ್ಟೆ ಅರಿಶಿನ ನೀರಿನಲ್ಲಿ ಅದ್ದಿದ ಹಾಗೆ ಕಾಣುತ್ತದೆ. ಮಗು ಹಾಕಿಕೊಂಡಿರುವ ಫೋಟೊ ಬೇಡವೇ ಬೇಡ, ಯಾರು ಯಾರು ನೋಡುತ್ತಾರೋ. ಶಾಲೆಯ ಬಟ್ಟೆಯಾದರೆ ಒಳಗೆ ಬರೆದ ಹೆಸರನ್ನೂ ಮುಚ್ಚಿ.

ಎಲ್ಲಿ ಮಾರಬೇಕು

ಹೆಚ್ಚಿನವರು ಈಗ ವಿಂಟೆಡ್ ಆ್ಯಪ್ ಬಳಸುತ್ತಾರೆ. ಮಾರುವವರಿಗೆ ಕಮಿಷನ್ ಇಲ್ಲ. ಅಂಚೆ ಖರ್ಚು ಮತ್ತು ಒಂದು ರಕ್ಷಣಾ ಶುಲ್ಕ ಕೊಳ್ಳುವವರದ್ದು. ಬಟ್ಟೆ ತಲುಪಿದ ಮೇಲೆ ಸರಿಯಿಲ್ಲ ಅನ್ನಲು ಅವರಿಗೆ ಎರಡು ದಿನ ಇರುತ್ತದೆ, ಆಮೇಲೆ ಹಣ ನಿಮಗೆ. ಈ ರಕ್ಷಣಾ ಶುಲ್ಕ ಮತ್ತು ಅಂಚೆ ಖರ್ಚು ಸೇರಿದರೆ 2 ಪೌಂಡ್ ಬಟ್ಟೆ ಅವರಿಗೆ ಐದರ ಹತ್ತಿರ ಬೀಳುತ್ತದೆ. ಬಂಡಲ್ ಕಟ್ಟಿ ಅಂದದ್ದು ಇದಕ್ಕೂ ಸೇರಿ.

ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಮನೆ ಬಾಗಿಲಿಗೆ ಬಂದು ಒಯ್ಯುವವರಿಗೆ ಸರಿ. ದೊಡ್ಡ ಗಂಟು ಇದ್ದರೆ ಅಲ್ಲೇ ಹಾಕಿ. ಆದರೆ "ನಾನು ಬರಲಾಗಲ್ಲ, ಕೊರಿಯರ್ ಕಳಿಸುತ್ತೇನೆ, ಈ ಲಿಂಕ್‌ನಲ್ಲಿ ನಿಮ್ಮ ಕಾರ್ಡ್ ನಂಬರ್ ಹಾಕಿ" ಅಂದರೆ ಅಲ್ಲಿಗೇ ಬ್ಲಾಕ್ ಮಾಡಿ. ಹೊಸಬರು ಅಂತ ಗೊತ್ತಾದರೆ ಇಂಥವು ಜಾಸ್ತಿ.

ಎನ್‌ಸಿಟಿ ಅನ್ನುವ ತಾಯಿ-ಮಕ್ಕಳ ಸಂಸ್ಥೆಯವರು ಊರೂರಲ್ಲಿ ಹಳೆ ಬಟ್ಟೆ, ಆಟಿಕೆಗಳ ಸಂತೆ ಮಾಡುತ್ತಾರೆ. ನೀವು ಚೀಟಿ ಅಂಟಿಸಿ ಕೊಟ್ಟರೆ ಸ್ವಯಂಸೇವಕರು ಮಾರುತ್ತಾರೆ, ಒಂದು ಪಾಲು ಸಂಸ್ಥೆಗೆ. ಮಾರದಿದ್ದರೂ ಬಸುರಿಯಾಗಿದ್ದಾಗ ಒಮ್ಮೆ ಕೊಳ್ಳಲಾದರೂ ಹೋಗಿ. ಬೆಲೆಯ ಅಂದಾಜು ಅಲ್ಲಿ ಸಿಗುವಷ್ಟು ಬೇರೆಲ್ಲೂ ಸಿಗಲ್ಲ.

ಕಾರ್ ಬೂಟ್ ಸೇಲ್ ನನಗೆ ಬಹಳ ಇಷ್ಟ. ಭಾನುವಾರ ಬೆಳಿಗ್ಗೆ ಬಯಲಲ್ಲಿ ಕಾರು ನಿಲ್ಲಿಸಿ, ಡಿಕ್ಕಿ ತೆಗೆದು, ಮುಂದೆ ಮೇಜು ಹಾಕಿ ಮಾರುವುದು. ಒಂದು ಸಲ ಅಮ್ಮನನ್ನೂ ಕರೆದುಕೊಂಡು ಹೋದೆ. ಆರೂವರೆಗೆ ನಾವು ಡಬ್ಬಿ ಇಳಿಸುವ ಮೊದಲೇ ಇಬ್ಬರು ವ್ಯಾಪಾರಿಗಳು ಬಂದು ಕೈ ಹಾಕಿ ಕೆದಕತೊಡಗಿದರು. ಅಮ್ಮ ಒಬ್ಬನ ಕೈಯಿಂದ ಸ್ನೋಸೂಟ್ ಕಿತ್ತುಕೊಂಡು, ಮಡಚಿ, ಮತ್ತೆ ಡಬ್ಬಿಗೆ ಹಾಕಿದರು. ಇಂಗ್ಲಿಷ್ ಬರಲ್ಲ. ಬೆರಳಲ್ಲೇ ವ್ಯಾಪಾರ. ಬಳ್ಳಾರಿ ಬಜಾರಿನ ರೂಢಿಯಂತೆ 4 ಸಿಕ್ಕರೆ ಸಾಕು ಅನ್ನುವಲ್ಲಿ ಹತ್ತೂ ಬೆರಳು ತೋರಿಸಿದರು. ಬಂದ ಹೆಂಗಸು ಚೌಕಾಸಿ ಮಾಡಲೇ ಇಲ್ಲ, ನಕ್ಕು ಮುಂದಕ್ಕೆ ಹೋದಳು. "ಇದೇನ್ ಮಂದಿವ್ವಾ, ಕೇಳಂಗೂ ಇಲ್ಲ" ಅಂತ ಅಮ್ಮನಿಗೆ ಬೇಜಾರು. ಅಲ್ಲಿ ಹಾಗೇ. ಒಂದು ಪೌಂಡ್ ಕಡಿಮೆ ಕೇಳಿಯಾರು, ಅರ್ಧಕ್ಕರ್ಧ ಕೇಳುವವರು ಕಡಿಮೆ. ನಿಮಗೆ ಬೇಕಾದ್ದಕ್ಕಿಂತ ಸ್ವಲ್ಪವೇ ಮೇಲೆ ಹೇಳಿ. ಅವತ್ತು 34 ಪೌಂಡ್ ಆಯಿತು. ಜಾಗದ ಬಾಡಿಗೆ 10, ಚಹಾ ಬನ್ನು 5. ಅಮ್ಮ ಬರುವಾಗ ಪಕ್ಕದವನ ಹತ್ತಿರ 2 ಪೌಂಡ್‌ಗೆ ಒಂದು ಸ್ಟೀಲ್ ಬೋಗಾಣಿ ಕೊಂಡರು!

ಊರಿನಿಂದ ತಂದ ಬಟ್ಟೆ ಅಲ್ಲಿನ ಆ್ಯಪ್‌ಗಳಲ್ಲಿ ಓಡುವುದಿಲ್ಲ. ನಮ್ಮ ಬಟ್ಟೆಗೆ 18, 20, 22 ಅಂತ ನಂಬರ್ ಇರುತ್ತದೆ. ಅಲ್ಲಿ ತಿಂಗಳ ಲೆಕ್ಕ, ಇಲ್ಲವೇ ಮಗುವಿನ ಎತ್ತರ: 68 ಸೆಂ.ಮೀ. ಅಂದರೆ ಸುಮಾರು ಆರು ತಿಂಗಳು, 80 ಅಂದರೆ ಒಂದು ವರ್ಷ. ಲಂಗ ಬ್ಲೌಸ್, ಕುರ್ತಾ ಪೈಜಾಮ ಇದ್ದರೆ ನಿಮ್ಮೂರಿನ ಕನ್ನಡದವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಸರಾಕ್ಕೆ ಮುಂಚೆ ಹಾಕಿ, ಹಬ್ಬದೊಳಗೆ ಖಾಲಿ.

ಯಾವಾಗ

ಬೇಸಿಗೆಯಲ್ಲಿ ಕಂಬಳಿ ಮಾರಬೇಡಿ, ಅಷ್ಟೆ. ಸ್ನೋಸೂಟ್ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಶಾಲೆ ಯೂನಿಫಾರ್ಮ್ ಜುಲೈ, ಆಗಸ್ಟ್‌ನಲ್ಲಿ. ಕ್ರಿಸ್‌ಮಸ್ ಸ್ವೆಟರ್ ನವೆಂಬರ್‌ನಲ್ಲಿ ಹೋಗದಿದ್ದರೆ ಮುಂದಿನ ವರ್ಷವೇ. ಮಾರ್ಚ್ ಮೊದಲ ವಾರದ ಹೊತ್ತಿಗೆ ಶಾಲೆಗಳಲ್ಲಿ ಪುಸ್ತಕ ದಿನ ಅಂತ ಬರುತ್ತದೆ, ಮಕ್ಕಳು ಕಥೆಯ ಪಾತ್ರದ ವೇಷ ಹಾಕಿ ಹೋಗುತ್ತಾರೆ. ಆ ವೇಷಗಳಿಗೆ ಫೆಬ್ರವರಿಯಲ್ಲಿ ಕೇಳಿದ ಬೆಲೆ ಸಿಗುತ್ತದೆ. ತಾಯಂದಿರಿಗೆ ಎಲ್ಲಾ ಕೊನೆ ಗಳಿಗೆಯಲ್ಲಿ ನೆನಪಾಗುವುದು, ನನ್ನನ್ನೂ ಸೇರಿಸಿ.

ತೆರಿಗೆಯವರ ಕಾಟ ಇದೆಯಾ?

ಹುಡುಗಿಯ ಗಂಡ ವಿಡಿಯೊ ಕಾಲ್‌ನಲ್ಲಿ ಮೊದಲು ಕೇಳಿದ್ದೇ ಇದು. 2024ರ ಜನವರಿಯಿಂದ ಇಂಥ ಆ್ಯಪ್‌ಗಳು ವರ್ಷಕ್ಕೆ 30 ಅಥವಾ ಅದಕ್ಕಿಂತ ಹೆಚ್ಚು ಸಲ ಮಾರಿದವರ, ಇಲ್ಲವೇ 2,000 ಯೂರೊ ದಾಟಿದವರ ವಿವರವನ್ನು ತೆರಿಗೆ ಇಲಾಖೆಗೆ ಕೊಡುತ್ತವೆ. ಆ್ಯಪ್ ನಿಮ್ಮ ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ಅಲ್ಲಿ ಕೆಲಸ, ತೆರಿಗೆ ಲೆಕ್ಕಕ್ಕೆ ಕೊಡುವ ಗುರುತಿನ ನಂಬರ್) ಕೇಳಿದರೆ ಹೆದರಬೇಡಿ. ಮನೆಯಲ್ಲಿ ಬಳಸಿದ ಬಟ್ಟೆಯನ್ನು ಕೊಂಡದ್ದಕ್ಕಿಂತ ಕಡಿಮೆಗೆ ಮಾರಿದರೆ ತೆರಿಗೆ ಇಲ್ಲ. ಬಳ್ಳಾರಿಯಿಂದ ಜೀನ್ಸ್ ತಂದು ಲಾಭಕ್ಕೆ ಮಾರಿದರೆ ಅದು ವ್ಯಾಪಾರ. ಅದಕ್ಕೂ ತೆರಿಗೆ ವರ್ಷಕ್ಕೆ 1,000 ಪೌಂಡ್ ವಹಿವಾಟಿನವರೆಗೆ ವಿನಾಯಿತಿ ಇದೆ. ಆದರೆ ಸ್ಟೂಡೆಂಟ್ ವೀಸಾದವರು ಸ್ವಂತ ವ್ಯಾಪಾರ ಮಾಡುವಂತೆಯೇ ಇಲ್ಲ, ಬಟ್ಟೆ ಆಸೆಗೆ ವೀಸಾ ಕಳೆದುಕೊಳ್ಳಬೇಡಿ.

ಮಾರಬಾರದ್ದು ಕೆಲವಿವೆ. ಹುಡ್‌ಗೆ ದಾರ ಇರುವ ಪುಟ್ಟ ಮಕ್ಕಳ ಕೋಟು ಕೂಸಿನ ಕತ್ತಿಗೆ ಅಪಾಯ, ಅಂಥವನ್ನು ಮಾರಬಾರದು ಅಂತ ಅಲ್ಲಿ 1976ರಲ್ಲೇ ಕಾನೂನು ಬಂದಿದೆ. ಊರಿಂದ ತಂದ ಜಾಕೆಟ್‌ನಲ್ಲಿ ದಾರ ಇದ್ದರೆ ಎಳೆದು ತೆಗೆಯಿರಿ. ಬಟ್ಟೆ ಜೊತೆಗೆ ಹಳೆ ಕಾರ್ ಸೀಟ್ ಕೊಡುತ್ತೇನೆ ಅಂತ ಯಾರಾದರೂ ಅಂದರೆ ಬೇಡ ಅನ್ನಿ. ಅದು ಅಪಘಾತದಲ್ಲಿ ಸಿಕ್ಕಿದ್ದೋ ಏನೋ ನೋಡಿದರೆ ಗೊತ್ತಾಗಲ್ಲ.

ಉಳಿದದ್ದು

ಹೋಗದೆ ಉಳಿದ ಬಟ್ಟೆಯನ್ನು ಚಾರಿಟಿ ಅಂಗಡಿಗೆ, ಅಂದರೆ ದಾನ ಬಂದದ್ದನ್ನು ಮಾರಿ ಸೇವೆಗೆ ಹಣ ಕೂಡಿಸುವ ಅಂಗಡಿಗೆ ಕೊಡಿ. ನೀವು ಅಲ್ಲಿ ತೆರಿಗೆ ಕಟ್ಟುತ್ತಿದ್ದರೆ 'ಗಿಫ್ಟ್ ಏಡ್' ಚೀಟಿ ತುಂಬಿ. ನಿಮ್ಮ ಬಟ್ಟೆ ಮಾರಿ ಬಂದ ಪ್ರತಿ ಪೌಂಡ್‌ಗೆ ಅವರಿಗೆ ಸರ್ಕಾರದಿಂದ 25 ಪೆನ್ಸ್ ಸಿಗುತ್ತದೆ.

ಕಲೆ ಹಿಡಿದವು, ಹರಿದವು ಏನು ಮಾಡೋದು ಅಂತ ಹುಡುಗಿಯ ಅಮ್ಮ ಕೇಳಿದರು. ನಾನು ಈ ಸಲ ಅಂಥ ಒಂದು ಚೀಲ ಕೊಪ್ಪಳದ ಹತ್ತಿರದ ನಮ್ಮ ಅತ್ತೆಯ ಊರಿಗೆ ಹೊತ್ತು ತಂದಿದ್ದೆ, ಕೌದಿ ಹೊಲಿಸೋಣ ಅಂತ. ಅತ್ತೆ ಎರಡು ಸ್ಲೀಪ್‌ಸೂಟ್ ಕತ್ತರಿಸಿ ಹೊಲಿಗೆ ಹಾಕಿ ನೋಡಿದರು. ಜರ್ಸಿ ಬಟ್ಟೆ ಸೂಜಿಯ ಹಿಂದೆ ಎಳೆದುಕೊಂಡು ಬಂದು ಮುದುಡುತ್ತಿತ್ತು. "ಇದು ರಬ್ಬರ್ ಇದ್ದಂಗ ಐತಿ, ಇದಕ್ಕ ನನ್ನ ಸೂಜಿ ಕೇಳಂಗಿಲ್ಲ. ಮುಂದಿನ ಸಲ ಅಂಗಿ ತಾ, ಲುಂಗಿ ತಾ" ಅಂದರು. ಚೀಲ ಇನ್ನೂ ಅವರ ಅಟ್ಟದ ಮೇಲಿದೆ.

ಸೂಟ್‌ಕೇಸಿನಿಂದ 12 ಫ್ರಾಕ್ ಹೊರಗೆ ಬಂದವು. ಆ ಜಾಗಕ್ಕೆ ನಾಲ್ಕು ಹಳೆ ಪಂಚೆ ತುಂಡು, ಒಂದು ಕುಂಚಿಗೆ, ಚಟ್ನಿಪುಡಿ ಹೋದವು.