ಸಿಐಡಿಯ ಕಟ್ ಇಲ್ಲದ ಕಂತಿಗೆ ಕರಿಗೋಟಿನ ಅಭಿಪ್ರಾಯ

ಐದು ಡಬ್ಬಿ, ಎರಡು ಕಿಲೋ ಕರಿಗೋಟು (ಕಪ್ಪಾದ ಅಗ್ಗದ ಅಡಿಕೆ), ಅಡಿಕೆ ಮರ ಸೀಳಿ ತೋಡಿದ ನಾಲ್ಕೈದು ದಂಬೆ (ನೀರು ಹರಿಸುವ ಕಾಲುವೆಯಂಥದ್ದು), ಒಂದು ಮೊಬೈಲು. ಇಷ್ಟಿದ್ದರೆ 40 ಜನರ ನಿಜವಾದ ಅಭಿಪ್ರಾಯ ಸಿಗುತ್ತದೆ ಅಂತ ನಾನು ಹೇಳಿದಾಗ ನಮ್ಮ ವಾಚನಾಲಯದ ಸಭೆಯಲ್ಲಿ ನಗದೆ ಕೂತವರು ಒಬ್ಬರೇ. ಅವರಿಗೆ ಕಿವಿ ಕೇಳುವುದಿಲ್ಲ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗಿನ ಊರು ನಮ್ಮದು. ಶನಿವಾರ ರಾತ್ರಿ ಅಡಿಕೆ ಅಂಗಳದಲ್ಲಿ ಪರದೆ ಕಟ್ಟಿ ಹಳೆಯ ಧಾರಾವಾಹಿ ತೋರಿಸುತ್ತೇವೆ. ಪ್ರೊಜೆಕ್ಟರು, ಸ್ಪೀಕರು, ಸೊಳ್ಳೆ ಇವೆಲ್ಲ ನಿಮಗೂ ಗೊತ್ತಿರುವ ಸಂಗತಿ, ಅದನ್ನು ಬಿಡುವ. ನನ್ನ ತಲೆಬಿಸಿ ಇದ್ದದ್ದು ತೋರಿಸಿದ ಮೇಲೆ. ಜನರಿಗೆ ಏನನ್ನಿಸಿತು ಅಂತ ತಿಳಿಯುವುದು ಹೇಗೆ?

ಮೊದಲು ಚೀಟಿ ಹಂಚಿದೆ. 40 ಚೀಟಿಯಲ್ಲಿ 34ರ ಮೇಲೆ ‘ಚೆನ್ನಾಗಿತ್ತು’. ಒಂದರ ಮೇಲೆ ‘ಚಹಾ ತಣ್ಣಗಿತ್ತು’. ಪ್ರಾಮಾಣಿಕ ಅಭಿಪ್ರಾಯ ಅದೊಂದೇ. ಆಮೇಲೆ ತಪ್ಪು ಹೊಳೆಯಿತು. ಚೀಟಿ ಕನ್ನಡದಲ್ಲಿತ್ತು. ನಮ್ಮಲ್ಲಿ ಅಜ್ಜಿಯಂದಿರು ತುಳುವಿನಲ್ಲಿ ಮಾತಾಡುತ್ತಾರೆ, ಓದುವುದು ಕನ್ನಡ; ಮೊಮ್ಮಕ್ಕಳು ಬರೆಯುವುದು ಮಲಯಾಳ; ಕೆಳಗಿನ ಮನೆಯವರದ್ದು ಬ್ಯಾರಿ, ಗುಡ್ಡದ ಮೇಲಿನವರದ್ದು ಮರಾಠಿ. ಸಪ್ತಭಾಷೆಯ ನಾಡು ಅಂತ ಭಾಷಣದಲ್ಲಿ ಹೇಳಲು ಚಂದ, ಚೀಟಿ ಅಚ್ಚು ಹಾಕಿಸಲು ಹೋದರೆ ಗೊತ್ತಾಗುತ್ತದೆ. ಎರಡು ಲಿಪಿಯಲ್ಲಿ ಹಾಕಿಸಿದ್ದಕ್ಕೆ 280 ರೂಪಾಯಿಯೋ ಏನೋ ಹೋಯಿತು. ಬಂದದ್ದು ‘ಚೆನ್ನಾಗಿತ್ತು’ ಎರಡು ಲಿಪಿಯಲ್ಲಿ. ಕೈ ಎತ್ತಿಸಿ ನೋಡಿದರೆ ಎಲ್ಲರೂ ನಿವೃತ್ತ ಮಾಷ್ಟ್ರ ಕೈ ಎತ್ತ ಹೋಗುತ್ತದೆ ಅಂತ ನೋಡುತ್ತಾರೆ. ವಾಟ್ಸಾಪಿನಲ್ಲಿ ಕೇಳಿದರೆ ಮುಗಿದ ಕೈ ಮತ್ತು ಗುಲಾಬಿ ಹೂ.

ಇಂಥ ಹೊತ್ತಿನಲ್ಲಿ ನಾನು ಸಿಐಡಿಯ 111 ನಿಮಿಷದ ಕಂತು ತೋರಿಸುತ್ತೇನೆಂದು ಹೊರಟೆ. ಸಿಐಡಿ ಎಂಬ ಈ ಹಿಂದಿ ಪತ್ತೇದಾರಿ ಧಾರಾವಾಹಿ ಸೋನಿ ಟಿವಿಯಲ್ಲಿ ಶುರುವಾದದ್ದು 1998ರ ಜನವರಿಯಲ್ಲಿ. ಈ ಕಂತು ಬಂದದ್ದು 2004ರ ನವೆಂಬರಿನಲ್ಲಿ. ನಿರ್ದೇಶಕ ಬಿ. ಪಿ. ಸಿಂಗ್ ಇಡೀ ಕಂತನ್ನು ಒಂದೇ ಶಾಟಿನಲ್ಲಿ, ನಡುವೆ ಎಲ್ಲೂ ಕಟ್ ಹೇಳದೆ ತೆಗೆದರು. ದಾಖಲೆಯೂ ಆಯಿತು. ಎಸಿಪಿ ಪ್ರದ್ಯುಮ್ನನಾಗಿ ಶಿವಾಜಿ ಸಾಟಮ್ ಗಾಳಿಯಲ್ಲಿ ಬೆರಳು ತಿರುಗಿಸುವುದನ್ನು ನಮ್ಮ ಮಕ್ಕಳು ಶಾಲೆಗೆ ಹೋಗುವಾಗ ಇವತ್ತಿಗೂ ಮಾಡುತ್ತಾರೆ. ಬಾಗಿಲು ಒಡೆಯುವ ಪೊಲೀಸ್ ದಯಾನ ಪಾತ್ರದ ದಯಾನಂದ ಶೆಟ್ಟರಂತೂ ಉಡುಪಿ ಕಡೆಯ ಕಟಪಾಡಿ ಮೂಲದವರು, ತುಳುವರು. ‘ಬಾಗಿಲು ಒಡೆಯುವವ ನಮ್ಮವನೇ’ ಅನ್ನುವ ಹೆಮ್ಮೆಗೆ ಹಿಂದಿ ಬರಬೇಕೆಂದಿಲ್ಲ.

ಏಪ್ರಿಲಿನಲ್ಲಿ ಮೊದಲ ಸಲ ಹಾಕಿದೆ. ಅವರು 111 ನಿಮಿಷ ಕಟ್ ಹೇಳದೆ ತೆಗೆದದ್ದನ್ನು ನಾವು 70ನೇ ನಿಮಿಷಕ್ಕೆ ಕಟ್ ಮಾಡಿದೆವು. ಲೈನಿನ ಮೇಲೆ ತೆಂಗಿನ ಮಡಲು ಬಿತ್ತು. ಕತ್ತಲಲ್ಲಿ ಅರ್ಧ ಜನ ಟಾರ್ಚು ಹಾಕಿಕೊಂಡು ಮನೆಗೆ. ಪ್ರೊಜೆಕ್ಟರ್ ಬಾಡಿಗೆ 800, ಗೋಳಿಬಜೆಗೆ 500 ಚಿಲ್ಲರೆ, ಎಲ್ಲ ಹೊಳೆಗೆ. ಮರುವಾರ ಹಳೆಯ ಇನ್ವರ್ಟರ್ ಒಂದನ್ನು ಸುಮಾರು 6,500ಕ್ಕೆ ತಂದೆ. ಮನೆಯಲ್ಲಿ 4,000 ಅಂತ ಹೇಳಿದ್ದೇನೆ.

ಅಡಿಕೆಯ ಉಪಾಯ ಹೊಳೆದದ್ದು ಅಡಿಕೆ ಸುಲಿಯುವಾಗಲೇ. ಡಬ್ಬಿಗೆ ಬಿದ್ದ ಅಡಿಕೆ ಟಣ್ ಅಂದಿತು. ಬೇಸರ ಬಂದಾಗಲೆಲ್ಲ ಒಂದು ಅಡಿಕೆ ಹಾಕಿ ಅಂತ ಜನರಿಗೆ ಹೇಳಿದರೆ? ಯಾವ ಭಾಷೆಯೂ ಬೇಡ, ಮೊಬೈಲಿನಲ್ಲಿ ಸದ್ದು ಹಿಡಿದಿಟ್ಟರೆ ಯಾವ ನಿಮಿಷಕ್ಕೆ ಬೇಸರ ಬಂತು ಅಂತಲೂ ಗೊತ್ತಾಗುತ್ತದೆ. ಕೂತವರಿಗೆ ಐದೈದು ಅಡಿಕೆ, ಸಾಲಿಗೊಂದು ಡಬ್ಬಿ.

ಮೊದಲ ಪ್ರಯೋಗಕ್ಕೆ ಮನೆಯ ಒಳ್ಳೆಯ ಚಾಲಿ (ಒಣಗಿಸಿ ಸುಲಿದ ಅಡಿಕೆ) ಕೊಟ್ಟೆ. ಕಿಲೋಗೆ 400 ದಾಟಿದ ಕಾಲ. 200 ಅಡಿಕೆ ಕೊಟ್ಟದ್ದರಲ್ಲಿ ತಿರುಗಿ ಸಿಕ್ಕಿದ್ದು 120ರ ಆಸುಪಾಸು. ಉಳಿದದ್ದು ಕಿಸೆಗೋ ಬಾಯಿಗೋ. ಅಂದಿನಿಂದ ಕರಿಗೋಟೇ ಗತಿ; ಅದನ್ನು ಯಾರೂ ಕದಿಯುವುದಿಲ್ಲ. ಪ್ಲಾಸ್ಟಿಕ್ ಡಬ್ಬಿ ಇಟ್ಟದ್ದು ಇನ್ನೊಂದು ಮಂಗತನ, ಸದ್ದೇ ಇಲ್ಲ. ದೂರದಿಂದ ಎಸೆದವರ ಅಡಿಕೆ ಮುಂದಿನವರ ತಲೆಗೆ ಬಿದ್ದು ಜಗಳ. ಕೊನೆಗೆ ತೋಟದ ಹಳೆಯ ದಂಬೆಗಳನ್ನು ಪ್ರತಿ ಸಾಲಿನ ಮುಂದೆ ಸ್ವಲ್ಪ ಇಳಿಜಾರಾಗಿ ಇಟ್ಟೆ. ಕೂತಲ್ಲಿಂದಲೇ ದಂಬೆಗೆ ಹಾಕಿದರೆ ಉರುಳಿ ಡಬ್ಬಿಗೆ ಬೀಳುತ್ತದೆ. ಉರುಳಲು ಹಿಡಿಯುವ ಮೂರು ನಾಲ್ಕು ಸೆಕೆಂಡು ಲೆಕ್ಕದಲ್ಲಿ ಕಳೆಯಬೇಕು, ಅಷ್ಟೇ. ಡಬ್ಬಿಗಳು ಬೇರೆ ಬೇರೆ ಇರಲಿ. ಎಣ್ಣೆ ಟಿನ್ನು, ಬಿಸ್ಕತ್ ಡಬ್ಬಿ, ಪೇಂಟಿನ ಡಬ್ಬಿ, ಹಾಲಿನ ಪುಡಿಯದ್ದು, ತಾಮ್ರದ ಚೆಂಬು. ಸ್ವರ ಕೇಳಿದರೆ ಸಾಲು ಯಾವುದೆಂದು ತಿಳಿಯುತ್ತದೆ. ಬಿದ್ದ ಅಡಿಕೆ ಪುಟಿದು ಎರಡು ಸದ್ದು ಮಾಡದಂತೆ ತಳಕ್ಕೆ ನಾನೊಂದು ವಸ್ತು ಹಾಕುತ್ತೇನೆ. ಬಟ್ಟೆ ಅಲ್ಲ, ಮರಳೂ ಅಲ್ಲ. ಅದು ನನ್ನಲ್ಲೇ ಇರಲಿ. ಮಕ್ಕಳು ತಮಾಷೆಗೆ ಹಾಕುವುದನ್ನು ನಿಲ್ಲಿಸಿದ ಉಪಾಯವೂ ಹಾಗೆಯೇ.

ಮೇ ತಿಂಗಳಲ್ಲಿ ಅದೇ ಕಂತನ್ನು ಪುನಃ ಹಾಕಿದೆ. ಹುಡುಗರ ಸಾಲಿನ ಪೇಂಟಿನ ಡಬ್ಬಿ ಮೊದಲ 20 ನಿಮಿಷದಲ್ಲೇ ಟಣಟಣ. ಕ್ಯಾಮೆರಾ ಒಬ್ಬರ ಹಿಂದೆ ನಡೆದುಕೊಂಡು ಹೋಗುವುದನ್ನು ನೋಡುವ ವ್ಯವಧಾನ ಅವರಿಗಿಲ್ಲ, ಮೊಬೈಲಿನಲ್ಲಿ ಅರ್ಧ ನಿಮಿಷದ್ದು ನೋಡಿ ನೋಡಿ ಕಣ್ಣು ಕೆಟ್ಟಿದೆ. ಆದರೆ ದಯಾ ಪರದೆಯ ಮೇಲಿದ್ದಷ್ಟು ಹೊತ್ತು ಐದೂ ಡಬ್ಬಿ ಮೌನ. ಅಜ್ಜಿಯಂದಿರ ತಾಮ್ರದ ಚೆಂಬಿಗೆ ಪೂರಾ 111 ನಿಮಿಷದಲ್ಲಿ ಬಿದ್ದದ್ದು ಮೂರು. ಕಾರಣ ಕೇಳಿದೆ. ಕುಂಬಳೆ ಕಡೆಯ ಮೇಳಗಳ ಯಕ್ಷಗಾನದ ಆಟ ನೋಡಿಯೇ ಮುದುಕರಾದ ಒಬ್ಬರು ನನ್ನನ್ನೇ ಪ್ರಶ್ನೆ ಮಾಡಿದರು: ‘ಕಟ್ ಇಲ್ಲದ್ದು ಎಂತ ದೊಡ್ಡ ವಿಷಯ ಮಾರಾಯ? ಬೆಳಗ್ಗಿನವರೆಗೆ ಆಟದಲ್ಲಿ ಕಟ್ ಉಂಟಾ?’ ದಾಖಲೆ, ತಂತ್ರ ಅಂತ ನಾನು ಮೊದಲೇ ಕೊಟ್ಟಿದ್ದ ಹತ್ತು ನಿಮಿಷದ ಭಾಷಣಕ್ಕೆ ಅದೇ ಉತ್ತರ.

ಮಾಷ್ಟ್ರು ಮುಗಿದ ಮೇಲೆ ಎದ್ದು ನಿಂತು ‘ಅದ್ಭುತ, ಒಂದು ಕ್ಷಣವೂ ಬೇಸರವಾಗಲಿಲ್ಲ’ ಅಂದರು. ನಾನು ಸುಮ್ಮನಿದ್ದೆ. ಮರುದಿನ ಸದ್ದು ಕೇಳಿ ಲೆಕ್ಕ ಹಾಕಿದರೆ ಅವರ ಸಾಲಿನ ಎಣ್ಣೆ ಟಿನ್ನು 19 ಸಲ ಸದ್ದು ಮಾಡಿದೆ. ಆ ಸಾಲಿನಲ್ಲಿ ಅವರೂ ಸೇರಿ ಕೂತದ್ದು ನಾಲ್ವರು. ಉಳಿದ ಮೂವರು ಇದ್ದದ್ದೆಲ್ಲ ಹಾಕಿದರೂ 15. ಇನ್ನು ನಾಲ್ಕು ಯಾರದ್ದು ಅಂತ ಕಂಡುಹಿಡಿಯಲು ಎಸಿಪಿ ಪ್ರದ್ಯುಮ್ನ ಬರಬೇಕಿಲ್ಲ.

ನಡುವೆ ಬೇರೆ ಪ್ರಯೋಗವೂ ಆಯಿತು. ಸಾಮಾನ್ಯ ಕಂತನ್ನು ಕೊಲೆಗಾರ ಯಾರೆಂದು ಹೇಳುವ ಮೊದಲು ನಿಲ್ಲಿಸಿ, ಸಂಶಯದವರ ಹೆಸರಲ್ಲಿ ಒಂದೊಂದು ತೆಂಗಿನ ಗೆರಟೆ ಇಟ್ಟು ಅಡಿಕೆ ಹಾಕಿಸಿದೆ. ಎರಡು ಸಲ ಜನ ಗೆದ್ದರು, ಮೂರನೆಯ ಸಲ ಯಾರೋ ಮೊದಲೇ ಮೊಬೈಲಿನಲ್ಲಿ ನೋಡಿ ಬಂದಿದ್ದರು. ದೂರದರ್ಶನದ ಉಡಾನ್ ಕೂಡ ಹಾಕಿದೆ, 1989ರದ್ದು. ಕವಿತಾ ಚೌಧರಿ ತಾವೇ ಬರೆದು, ನಿರ್ದೇಶಿಸಿ, ಪೊಲೀಸ್ ಅಧಿಕಾರಿ ಕಲ್ಯಾಣಿಯಾಗಿ ನಟಿಸಿದ್ದು. ಕತೆಗೆ ಪ್ರೇರಣೆ ಅವರ ಅಕ್ಕ ಕಾಂಚನ್ ಚೌಧರಿ ಭಟ್ಟಾಚಾರ್ಯ. ಆ ಅಕ್ಕ 2004ರಲ್ಲಿ ಉತ್ತರಾಖಂಡದ ಡಿಜಿಪಿ ಆದರು, ದೇಶದಲ್ಲಿ ಆ ಹುದ್ದೆಗೇರಿದ ಮೊದಲ ಮಹಿಳೆ. ಹೆಂಗಸರ ಸಾಲಿನಿಂದ ಒಂದೂ ಅಡಿಕೆ ಬೀಳಲಿಲ್ಲ. ಡಬ್ಬಿಯೇ ಕೆಟ್ಟಿದೆಯೋ ಅಂತ ನಾನೇ ಎದ್ದು ಹೋಗಿ ಒಂದು ಹಾಕಿ ನೋಡಿದೆ. ಸರ್ಫಿನ ಜಾಹೀರಾತಿನ ಲಲಿತಾಜಿ ಈ ಕವಿತಾ ಚೌಧರಿಯೇ ಅಂದಾಗ ಮಾತ್ರ ಗಲಾಟೆಯೋ ಗಲಾಟೆ.

ಖರ್ಚು ಒಟ್ಟು 9,000 ದಾಟಿರಬೇಕು. ಬಂದದ್ದು ಏನೂ ಇಲ್ಲ, ಕರಿಗೋಟು ಬಿಟ್ಟು. ಮಳೆ ಹಿಡಿದ ಮೇಲೆ ಪರದೆ ಅಟ್ಟ ಸೇರಿತು. ಮೊನ್ನೆ ಮಾಷ್ಟ್ರೇ ಮನೆಗೆ ಬಂದು, ಶಾಲೆಯ ವಾರ್ಷಿಕೋತ್ಸವದ ನಾಟಕಕ್ಕೆ ಬೇಕು ಅಂತ ಐದೂ ಡಬ್ಬಿ ಕೇಳಿ ಕೊಂಡುಹೋದರು. ನಾಲ್ಕು ವಾಪಸು ಬಂದಿವೆ. ಎಣ್ಣೆ ಟಿನ್ನು ಇನ್ನೂ ಬಂದಿಲ್ಲ.