ಆರ್‌ಯುಸಿ ಬಾಕಿ ಬಿಲ್ ತಪ್ಪಾಗಿ ಬಂದರೆ: ನನ್ನ ಅನುಭವ

ನ್ಯೂಜಿಲೆಂಡಿನಲ್ಲಿ ಪೆಟ್ರೋಲ್ ದರದಲ್ಲೇ ರಸ್ತೆ ತೆರಿಗೆ ಸೇರಿರುತ್ತದೆ, ಡೀಸೆಲ್‌ನಲ್ಲಿ ಇಲ್ಲ. ಹಾಗಾಗಿ ಡೀಸೆಲ್ ಗಾಡಿಯವರು ಓಡಿಸುವ ಮುಂಚೆಯೇ 1,000 ಕಿ.ಮೀ. ಲೆಕ್ಕದಲ್ಲಿ ಆರ್‌ಯುಸಿ (ರೋಡ್ ಯೂಸರ್ ಚಾರ್ಜಸ್, ಅಂದರೆ ರಸ್ತೆ ಬಳಕೆ ಶುಲ್ಕ) ಕೊಳ್ಳಬೇಕು. 3.5 ಟನ್‌ವರೆಗಿನ ಗಾಡಿಗೆ ಸಾವಿರಕ್ಕೆ 76 ಡಾಲರ್, ಜೊತೆಗೆ ಪ್ರತಿ ಖರೀದಿಗೂ ಆಡಳಿತ ಶುಲ್ಕ. ಸಾವಿರ ಸಾವಿರವಾಗಿ ಕೊಂಡರೆ ಪ್ರತಿ ಸಲವೂ ಆ ಶುಲ್ಕ ಸುಮ್ಮನೆ ಪೋಲು.

ಆರ್‌ಯುಸಿ ಎಷ್ಟು ಕಿ.ಮೀ.ವರೆಗೆ ಕಟ್ಟಿದೆ ಎಂದು ತೋರಿಸುವ ನನ್ನ ಗಾಡಿಯ ಲೇಬಲ್ 1,50,000ರವರೆಗೆ ಇತ್ತು, ಮೀಟರ್ 1,48,620. ಆದರೂ 2,600 ಡಾಲರ್ ಮೀರಿದ ಬಾಕಿ ಬಿಲ್ ಬಂತು. ಕಾರಣ: ಡಬ್ಲ್ಯುಒಎಫ್ (ಗಾಡಿ ಓಡಿಸಲು ಯೋಗ್ಯವೇ ಎಂದು ನೋಡುವ) ತಪಾಸಣೆಯಲ್ಲಿ ನಮೂದಿಸುವ ಓಡೋಮೀಟರ್ ಅಂಕಿಯನ್ನು ಸರ್ಕಾರಿ ಸಾರಿಗೆ ಸಂಸ್ಥೆ (ಎನ್‌ಜೆಡ್‌ಟಿಎ) ಲೇಬಲ್ ಜೊತೆ ತಾಳೆ ನೋಡುತ್ತದೆ. ಗ್ಯಾರೇಜಿನಲ್ಲಿ 4 ಮತ್ತು 8 ಅದಲುಬದಲಾಗಿ 1,84,620 ಎಂದು ಟೈಪಾಗಿತ್ತು.

ಇಂಥ ಬಿಲ್ಲನ್ನು ಗಾಬರಿಯಲ್ಲಿ ಕಟ್ಟಬೇಡಿ, ಸುಮ್ಮನೆ ಬಿಡಲೂಬೇಡಿ. ಇಗ್ನಿಷನ್ ಆನ್ ಮಾಡಿ ಓಡೋಮೀಟರಿನ ಫೋಟೋ ತೆಗೆಯಿರಿ, ಟ್ರಿಪ್ ಮೀಟರಿನದ್ದಲ್ಲ. ನಂಬರ್ ಪ್ಲೇಟ್, ಗಾಜಿನ ಮೇಲಿನ ಲೇಬಲ್ ಫೋಟೋಗಳೂ ಬೇಕು. ಮೊದಲು ಗ್ಯಾರೇಜಿಗೆ ಹೋಗಿ ದಾಖಲೆಯ ಅಂಕಿ ತಿದ್ದಿಸಿ. ಆಮೇಲೆ ಬಿಲ್ ಸಂಖ್ಯೆ ಹಾಕಿ, ಫೋಟೋಗಳ ಜೊತೆ ಸಾರಿಗೆ ಸಂಸ್ಥೆಗೆ ಬರೆಯಿರಿ. ನನ್ನ ಬಿಲ್ ರದ್ದಾಯಿತು.

ಈಗ ತಪಾಸಣೆ ಮುಗಿದ ಕೂಡಲೇ, ಗ್ಯಾರೇಜ್ ಬಿಡುವ ಮುಂಚೆಯೇ ಹಾಳೆಯ ಅಂಕಿ ನೋಡುತ್ತೇನೆ. ಸೆಕೆಂಡ್ ಹ್ಯಾಂಡ್ ಡೀಸೆಲ್ ಕೊಳ್ಳುವವರು ಲೇಬಲ್-ಮೀಟರ್ ವ್ಯತ್ಯಾಸ ನೋಡಿಯೇ ಚೌಕಾಸಿ ಮಾಡಿ; ಹಳೆಯ ಮಾಲೀಕರ ಬಾಕಿ ನಿಮ್ಮ ತಲೆಗೇ ಬರಬಹುದು.