ಗೋಡೆ ನೀವೇ ಕಟ್ಟಿ: ಗೆರೆಯಿಲ್ಲದ ಸುಡೊಕು ಬಿಡಿಸುವುದು ಹೇಗೆ?

ಮಾಮೂಲಿ ಸುಡೊಕುವಿನಲ್ಲಿ ನಮಗೊಂದು ಅನುಕೂಲ ಇದೆ. ಒಂಬತ್ತು ಚೌಕಗಳನ್ನು ದಪ್ಪ ಗೆರೆ ಎಳೆದು ಮೊದಲೇ ಕೊಟ್ಟಿರುತ್ತಾರೆ. ಅಂಕಿ ತುಂಬಿದರೆ ಆಯ್ತು. ಈಗ ಯಾರೋ ಬಂದು ಆ ದಪ್ಪ ಗೆರೆಗಳನ್ನೆಲ್ಲ ರಬ್ಬರಿನಲ್ಲಿ ಉಜ್ಜಿ ಹೋದರು ಅಂದುಕೊಳ್ಳಿ. ಅಂಕಿಯನ್ನೂ ನೀವೇ ತುಂಬಬೇಕು, ಗೆರೆಯನ್ನೂ ನೀವೇ ಎಳೆಯಬೇಕು. ಸುಡೊಕು ಹುಚ್ಚಿನವರು ಇದನ್ನು ‘ಕೇಯಾಸ್ ಕನ್‌ಸ್ಟ್ರಕ್ಷನ್’ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ.

ನಾನು ಇದನ್ನು ಮನೆಯಲ್ಲಿ ಹೇಳಿಕೊಡುವಾಗ ‘ವಠಾರದ ಸುಡೊಕು’ ಅಂತಲೇ ಕರೆಯುತ್ತೇನೆ. ಚೌಕಾಬಾರದ ಹಾಗೆ ಒಂದೊಂದು ಖಾನೆಯೂ ಒಂದು ಮನೆ. ಒಂಬತ್ತು ಮನೆ ಸೇರಿದರೆ ಒಂದು ವಠಾರ. ಇಡೀ ಚೌಕದಲ್ಲಿ ಅಂಥ ಒಂಬತ್ತು ವಠಾರ. ಒಂದೇ ವಠಾರದ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡಿರಬೇಕು. ಮೂಲೆಗೆ ಮೂಲೆ ತಾಗಿದರೆ ಲೆಕ್ಕಕ್ಕಿಲ್ಲ. ಆಕಾರ ಹೇಗೆ ಬೇಕಾದರೂ ಇರಬಹುದು, ಸೊಟ್ಟ, ಬಾಗಿದ್ದು, ಬಾಲ ಬಂದಿದ್ದು. ಅಡ್ಡಸಾಲು, ಕಂಬಸಾಲು, ವಠಾರ, ಈ ಮೂರರಲ್ಲೂ 1ರಿಂದ 9 ಒಂದೊಂದೇ ಸಲ ಬರಬೇಕು.

‘ಸುಡೊಕು’ ಅನ್ನುವ ಹೆಸರೇ ಅಂಕಿ ಒಂಟಿಯಾಗಿರಬೇಕು ಅನ್ನುವ ಅರ್ಥದ ಜಪಾನಿ ವಾಕ್ಯವನ್ನು ಕತ್ತರಿಸಿ ಮಾಡಿದ್ದು. ಅದರಲ್ಲಿರುವ ‘ದೊಕುಶಿನ್’ ಪದಕ್ಕೆ ಮದುವೆಯಾಗದವನು ಅಂತಲೂ ಅರ್ಥ. ಅಂದರೆ ನಮ್ಮ ವಠಾರದಲ್ಲಿ ಇರುವವರೆಲ್ಲ ಬ್ರಹ್ಮಚಾರಿಗಳು! ಆಟ ಹುಟ್ಟಿದ್ದು ಮಾತ್ರ ಅಮೆರಿಕದಲ್ಲಿ. ಹೋವರ್ಡ್ ಗಾರ್ನ್ಸ್ ಎಂಬ ಆರ್ಕಿಟೆಕ್ಟ್ ಮಾಡಿದ ಒಗಟು 1979ರಲ್ಲಿ ಅಲ್ಲಿನ ಡೆಲ್ ಪತ್ರಿಕೆಯಲ್ಲಿ ಬಂತು. 1984ರಲ್ಲಿ ಜಪಾನಿನ ನಿಕೋಲಿ ಸಂಸ್ಥೆ ಅದನ್ನು ತನ್ನದಾಗಿಸಿಕೊಂಡಿತು. ಕಟ್ಟಡದ ನಕ್ಷೆ ಬರೆಯುವವರ ಆಟ ಸುತ್ತಿ ಬಳಸಿ ಮತ್ತೆ ಗೋಡೆ ಕಟ್ಟುವುದಕ್ಕೇ ಬಂತು ನೋಡಿ.

ಒಂದು ಅನುಮಾನ ಬರಬಹುದು. ಗೆರೆಯೇ ಇಲ್ಲದಿದ್ದರೆ ಒಂದೊಂದು ಅಡ್ಡಸಾಲನ್ನೇ ಒಂದೊಂದು ವಠಾರ ಅಂದುಬಿಟ್ಟರೆ ಆಗಲಿಲ್ವಾ? ಸರಿಯಾದ ಅನುಮಾನ. ಅದಕ್ಕೇ ಒಗಟು ಮಾಡುವವರು ಅಂಕಿಗಳ ಜೊತೆ ಬೇರೆ ಸುಳಿವನ್ನೂ ಇಟ್ಟಿರುತ್ತಾರೆ. ಅಲ್ಲೊಂದು ಇಲ್ಲೊಂದು ಗೋಡೆಯ ತುಂಡು, ಬಾಣದ ಗುರುತು, ಬಣ್ಣದ ಗೆರೆ, ಹೀಗೆ. ಕಲಿಯುವುದಕ್ಕೆ ಗೋಡೆಯ ತುಂಡೇ ಸುಲಭ.

ಪುಟ್ಟ ಒಗಟಿನಿಂದ ಶುರು

ಒಂಬತ್ತರ ಚೌಕಕ್ಕೆ ಈಗಲೇ ಕೈ ಹಾಕುವುದು ಬೇಡ. ನಾಲ್ಕರದ್ದು ಸಾಕು. ನಾಲ್ಕು ವಠಾರ, ತಲಾ ನಾಲ್ಕು ಮನೆ, ಅಂಕಿ 1ರಿಂದ 4. ಒಂದು ಹಾಳೆಯಲ್ಲಿ ಇದನ್ನು ಬರೆದುಕೊಳ್ಳಿ. ಪೆನ್ಸಿಲ್ಲಿನಲ್ಲೇ ಬರೆಯಿರಿ, ಪೆನ್ನು ಬೇಡ.

ಕ: 1 – – –
ಚ: – 1 – –
ಟ: – – 2 –
ತ: – – – 3

ಮೊದಲ ಅಡ್ಡಸಾಲಿನ ಮನೆಗಳು ಕ1, ಕ2, ಕ3, ಕ4. ಕೆಳಗಿನವು ಚ, ಟ, ತ. ಈಗ ನಾಲ್ಕು ಕಡೆ ಗೋಡೆ ಎಳೆಯಿರಿ: ಕ2 ಮತ್ತು ಕ3 ನಡುವೆ, ಕ2 ಮತ್ತು ಚ2 ನಡುವೆ, ಟ1 ಮತ್ತು ತ1 ನಡುವೆ, ಟ2 ಮತ್ತು ತ2 ನಡುವೆ. ಗೋಡೆಯ ಎರಡೂ ಬದಿಯ ಮನೆಗಳು ಬೇರೆ ಬೇರೆ ವಠಾರಕ್ಕೆ ಸೇರಿದವು ಅಂತ ಅರ್ಥ.

ಮೊದಲು ಸುಲಭದ್ದು. ಮೂರು ಮತ್ತು ನಾಲ್ಕನೇ ಕಂಬಸಾಲುಗಳಿಗೆ ಇನ್ನೂ 1 ಬಂದಿಲ್ಲ. ಟ ಸಾಲಿನಲ್ಲಿ ಟ3 ಈಗಾಗಲೇ 2 ಆಗಿದೆ, ಹಾಗಾಗಿ 1 ಹೋಗುವುದು ಟ4ಕ್ಕೆ. ತ ಸಾಲಿನ 1 ತ3ಕ್ಕೆ. ಇಲ್ಲಿಗೆ ತ1, ತ2ಕ್ಕೆ ಉಳಿದದ್ದು 2 ಮತ್ತು 4. ಟ1, ಟ2ಕ್ಕೆ 3 ಮತ್ತು 4. ಯಾವುದು ಯಾರಿಗೆ ಅಂತ ಗೊತ್ತಿಲ್ಲ. ಇಲ್ಲಿಂದ ಮುಂದೆ ಬರೀ ಅಂಕಿ ನೋಡಿ ಮುಗಿಸಲು ಬರುವುದಿಲ್ಲ. ಎರಡು ದಾರಿ ಸಿಗುತ್ತವೆ, ಎರಡೂ ಸರಿ ಅನ್ನಿಸುತ್ತವೆ. ಮೊದಲ ಸಲ ನಾನು ಸುಮ್ನೆ ಒಂದನ್ನು ಆರಿಸಿಕೊಂಡು ಮುಂದೆ ಹೋದೆ. ಅರ್ಧ ಗಂಟೆ ಹಾಳು.

ಗೋಡೆಗಳನ್ನು ಕೇಳಿ. ತ1ಕ್ಕೆ ಮೇಲೆ ಗೋಡೆ, ಬಾಗಿಲು ತ2ರ ಕಡೆಗೆ ಮಾತ್ರ. ತ2ಕ್ಕೂ ಮೇಲೆ ಗೋಡೆ, ಹಾಗಾಗಿ ತ3ಕ್ಕೇ ಹೋಗಬೇಕು. ಮೂರು ಮನೆ ಆಯ್ತು. ನಾಲ್ಕನೆಯದು ಟ3 ಅಥವಾ ತ4. ಟ3ರಲ್ಲಿ 2 ಇದೆ. ಆದರೆ ತ1, ತ2ರಲ್ಲಿ ಒಂದು ಹೇಗೂ 2. ಒಂದೇ ವಠಾರದಲ್ಲಿ ಎರಡು 2 ಆಗದು. ಹಾಗಾದರೆ ತ4. ಕೆಳಗಿನ ಸಾಲು ಪೂರ್ತಿ ಒಂದು ವಠಾರ. 2 ಯಾವ ಮನೆಯಲ್ಲಿದೆ ಅಂತ ತಿಳಿಯದೆಯೇ ಗೋಡೆ ಕಟ್ಟಿದೆವು, ಗಮನಿಸಿದಿರಾ?

ಮೇಲಿನ ಎಡಮೂಲೆಗೆ ಬನ್ನಿ. ಕ2ಕ್ಕೆ ಬಲಕ್ಕೂ ಗೋಡೆ, ಕೆಳಕ್ಕೂ ಗೋಡೆ. ಇರುವುದು ಕ1ರ ಬಾಗಿಲು ಒಂದೇ. ಕ1ರಿಂದ ಮುಂದಕ್ಕೆ ಚ1. ಚ1ರಿಂದ ಚ2ಕ್ಕೆ ಹೋಗುವಂತಿಲ್ಲ, ಅಲ್ಲಿ 1 ಇದೆ, ಕ1ರಲ್ಲೂ 1. ಹಾಗಾಗಿ ಟ1. ಎರಡನೇ ವಠಾರ ಕ1, ಕ2, ಚ1, ಟ1.

ಉಳಿಕೆ ಲೆಕ್ಕ

ನನಗೆ ಈ ಆಟದಲ್ಲಿ ತುಂಬಾ ಇಷ್ಟವಾದ ಹೆಜ್ಜೆ ಇದು. ನಿಧಾನಕ್ಕೆ ಓದಿ.

ಮೊದಲ ಕಂಬಸಾಲಿನಲ್ಲಿ ಕ1, ಚ1, ಟ1, ತ1 ಇವೆ. ಈಗ ತಾನೇ ಕಟ್ಟಿದ ವಠಾರದಲ್ಲಿ ಕ1, ಚ1, ಟ1, ಕ2 ಇವೆ. ಎರಡರಲ್ಲೂ 1ರಿಂದ 4 ಒಂದೊಂದು ಸಲ. ಮೂರು ಮನೆ ಎರಡಕ್ಕೂ ಸಾಮಾನ್ಯ. ಅವನ್ನು ಎರಡೂ ಕಡೆಯಿಂದ ತೆಗೆದರೆ ಅಲ್ಲಿ ಉಳಿದದ್ದು ತ1, ಇಲ್ಲಿ ಉಳಿದದ್ದು ಕ2. ಹಾಗಾದರೆ ಆ ಎರಡೂ ಮನೆಯಲ್ಲಿ ಒಂದೇ ಅಂಕಿ ಇರಲೇಬೇಕು. ಜಿಗ್ಸಾ ಸುಡೊಕು, ಅಂದರೆ ಸೊಟ್ಟ ಆಕಾರದ ವಠಾರಗಳನ್ನು ಮೊದಲೇ ಗೆರೆ ಎಳೆದು ಕೊಟ್ಟಿರುವ ಸುಡೊಕು, ಆಡುವವರು ಇದನ್ನು ‘ಲಾ ಆಫ್ ಲೆಫ್ಟೋವರ್ಸ್’ ಎನ್ನುತ್ತಾರೆ. ನಾವು ಉಳಿಕೆ ಲೆಕ್ಕ ಅನ್ನೋಣ.

ತ1 ಅಂದರೆ 2 ಅಥವಾ 4. ಅದು 4 ಅಂತ ಇಟ್ಟುಕೊಳ್ಳಿ. ಆಗ ಕ2 ಕೂಡ 4. ಆದರೆ ಟ1, ಟ2ರಲ್ಲಿ ಒಂದು ಕಡೆ 4 ಬರಬೇಕಿತ್ತು, ನೆನಪಿದೆಯಾ? ಟ1ಕ್ಕೆ ಆಗದು, ಅದೇ ಕಂಬಸಾಲಿನ ತ1 ಆಗಲೇ 4. ಟ2ಕ್ಕೂ ಆಗದು, ಮೇಲಿರುವ ಕ2 ಅಡ್ಡ ಬರುತ್ತದೆ. ಟ ಸಾಲಿನ 4 ಬೀದಿಪಾಲು. ಹಾಗಾಗಿ ತ1 ಮತ್ತು ಕ2 ಎರಡೂ 2.

ಇನ್ನು ಓಟ. ತ2 4 ಆಗುತ್ತದೆ. ಟ2 3, ಟ1 4, ಚ1 3. ತ4ರಲ್ಲಿ 3 ಇರುವುದರಿಂದ ಕ4 4 ಆಗಿ ಕ3ಕ್ಕೆ 3 ಬರುತ್ತದೆ. ಚ4 2, ಚ3 4.

ಉಳಿದದ್ದು ಒಂದೇ ಗೋಡೆ. ಕ3ರಲ್ಲಿ 3 ಇದೆ, ಅದರ ಪಕ್ಕದ ಕ4ರಲ್ಲೂ 4, ಕೆಳಗಿನ ಚ3ರಲ್ಲೂ 4. ಎರಡರಲ್ಲಿ ಒಂದರ ಜೊತೆ ಮಾತ್ರ ಅದು ಇರಬಹುದು. ಚ3ರ ಜೊತೆ ಹೋಯಿತು ಅನ್ನಿ. ಆಗ ಕ4 ಕೆಳಗಿಳಿದು ಚ4, ಟ4 ಹಿಡಿದು ನಿಲ್ಲುತ್ತದೆ. ನಾಲ್ಕನೇ ಮನೆಗೆ ಟ3 ಬೇಕು, ಅದರಲ್ಲಿ 2, ಚ4ರಲ್ಲೂ 2. ಆಗಲಿಲ್ಲ. ಆದ್ದರಿಂದ ಕ3, ಕ4, ಚ4, ಟ4 ಒಂದು ವಠಾರ. ನಡುವಿನ ನಾಲ್ಕು ಮನೆ ಕೊನೆಯದು.

ಕ: 1 2 3 4
ಚ: 3 1 4 2
ಟ: 4 3 2 1
ತ: 2 4 1 3

ದೊಡ್ಡ ಚೌಕಕ್ಕೆ ಹೋದಾಗ

ಒಂಬತ್ತರ ಚೌಕದಲ್ಲೂ ಆಡುವುದು ಹೀಗೇ, ತಾಳ್ಮೆ ಮಾತ್ರ ಜಾಸ್ತಿ ಬೇಕು. ಎರಡು ವಿಷಯ ಹೇಳುತ್ತೇನೆ. ಒಂದು, ದೂರ. ಒಂಬತ್ತು ಮನೆಯ ವಠಾರದಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಎಂಟು ಹೆಜ್ಜೆಗಿಂತ ಜಾಸ್ತಿ ಇರಲು ಸಾಧ್ಯವಿಲ್ಲ. ಅದಕ್ಕಿಂತ ದೂರದ ಮನೆಗಳು ಬೇರೆ ವಠಾರದವು, ಯೋಚನೆಯೇ ಬೇಡ. ಎರಡು, ತುಂಡು ಜಾಗ. ಗೋಡೆ ಕಟ್ಟುತ್ತಾ ಒಂದು ಮೂಲೆ ಪೂರ್ತಿ ಮುಚ್ಚಿಹೋದರೆ ಅದರೊಳಗಿನ ಮನೆಗಳನ್ನು ಎಣಿಸಿ. 9, 18, 27, ಹೀಗೆ ಬರದಿದ್ದರೆ ಎಲ್ಲೋ ತಪ್ಪಾಗಿದೆ. ಈ ಎಣಿಕೆ ಮಾಡದೆ ನಾನು ರೈಲಿನಲ್ಲಿ ಒಂದಿಡೀ ಒಗಟು ಕೆಡಿಸಿಕೊಂಡಿದ್ದೇನೆ. ಕೊನೆಗೆ ಮೂಲೆಯಲ್ಲಿ ಏಳು ಮನೆ ಅನಾಥವಾಗಿ ಕೂತಿದ್ದವು.

ಬಣ್ಣದ ಪೆನ್ಸಿಲ್ ಇಟ್ಟುಕೊಳ್ಳಿ. ಎಂಥ ನಕ್ಷೆಗಾದರೂ ಅಕ್ಕಪಕ್ಕ ಒಂದೇ ಬಣ್ಣ ಬಾರದಂತೆ ತುಂಬಲು ನಾಲ್ಕು ಬಣ್ಣ ಸಾಕು ಅಂತ 1976ರಲ್ಲಿ ಅಪೆಲ್ ಮತ್ತು ಹಾಕೆನ್ ಎಂಬ ಗಣಿತಜ್ಞರು ಕಂಪ್ಯೂಟರ್ ಹಿಡಿದು ಸಾಧಿಸಿದರು. ಮುಗಿದ ಒಗಟಿಗೆ ಅದು ನಿಜ. ಬಿಡಿಸುವಾಗ ಮಾತ್ರ ಒಂದು ವಠಾರಕ್ಕೆ ಒಂದು ಬಣ್ಣವೇ ಇರಲಿ, ಇಲ್ಲದಿದ್ದರೆ ತಲೆ ಕೆಡುತ್ತದೆ.

ಇಂಥ ಆಟಗಳಿಗೆ ಜಾಗತಿಕ ಕಣವೂ ಇದೆ. ವಿಶ್ವ ಸುಡೊಕು ಚಾಂಪಿಯನ್‌ಷಿಪ್ 2006ರಲ್ಲಿ ಇಟಲಿಯ ಲುಕ್ಕಾದಲ್ಲಿ ಶುರುವಾಯಿತು, 2017ರಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಅಲ್ಲಿ ಮಾಮೂಲಿ ಸುಡೊಕು ಒಂದೇ ಸಾಲದು, ಬಗೆಬಗೆಯದ್ದೂ ಬಿಡಿಸಬೇಕು.

ಈಗ ಅದೇ ಪುಟ್ಟ ಒಗಟಿನಲ್ಲಿ ತ4ರ 3 ಅಳಿಸಿ 4 ಬರೆಯಿರಿ. ಗೋಡೆಗಳು ಹಾಗೇ ಇರಲಿ. ಈ ಲೇಖನ ಪಕ್ಕಕ್ಕಿಟ್ಟು ಮೊದಲಿನಿಂದ ಬಿಡಿಸಿ. ಆಮೇಲೆ ಎರಡೂ ಹಾಳೆ ಅಕ್ಕಪಕ್ಕ ಇಟ್ಟು, ಯಾವ ಯಾವ ಮನೆ ಬದಲಾಗಿದೆ ಅಂತ ನೋಡಿ.